ಹಳೇ ಮಸ್ಟಂಗ್‌ಗೆ ಯಾವ ಸಸ್ಪೆನ್ಷನ್? ದುಡ್ಡು ಬಿಚ್ಚುವ ಮುಂಚೆ ಒಂದು ಹೋಲಿಕೆ

ನೇರ ರಸ್ತೆಯಲ್ಲಿ 1966ರ ಫೋರ್ಡ್ ಮಸ್ಟಂಗ್ ಕಾರು ರಾಜನ ಹಾಗೆ ಹೋಗುತ್ತದೆ. ತಿರುವು ಬಂದಾಗ ಬಂಡವಾಳ ಬಯಲಾಗುತ್ತದೆ. ಹೈವೇಯಿಂದ ಇಳಿಯುವ ಸುತ್ತು ದಾರಿಯಲ್ಲಿ ಸ್ಟಿಯರಿಂಗ್ ತಿರುಗಿಸಿದರೆ ಮೊದಲ ಎರಡು ಇಂಚು ಏನೂ ಆಗುವುದಿಲ್ಲ. ಆಮೇಲೆ ಮೂತಿ ನಿಧಾನಕ್ಕೆ ತಿರುಗುತ್ತದೆ, ಮೈ ಹೊರಗಡೆಗೆ ವಾಲುತ್ತದೆ, ಹೊರಗಿನ ಮುಂದಿನ ಟೈರು ಗೋಳಿಡುತ್ತದೆ. ಮೀಟರ್ ನೋಡಿದರೆ ಗಂಟೆಗೆ 35 ಮೈಲಿ. ಹಿಂದೆ ಬರುವ ಮಿನಿವ್ಯಾನ್‌ನವರು ಹಾರ್ನ್ ಹೊಡೆಯುತ್ತಾರೆ.

ನಾನಿರುವುದು ಅಮೆರಿಕದ ಮಿಶಿಗನ್‌ನಲ್ಲಿ. ನನ್ನ ಕಾರಿನ ನಂಬರ್ 6ಎಫ್07ಸಿ ಅಂತ ಶುರುವಾಗುತ್ತದೆ. 6 ಅಂದರೆ 1966. ಎಫ್ ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ. 07 ಅಂದರೆ ಹಾರ್ಡ್‌ಟಾಪ್ ಕೂಪೆ. ಸಿ ಅಂದರೆ ಎರಡು ಬ್ಯಾರಲ್ ಕಾರ್ಬುರೇಟರಿನ, 289 ಘನ ಇಂಚಿನ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್. ಹುಟ್ಟಿದ ಜಾಗದಿಂದ ಅರ್ಧ ಗಂಟೆ ದೂರದ ನನ್ನ ಗ್ಯಾರೇಜಿನಲ್ಲಿ ನಿಂತಿದೆ. ಇದು ದೊಡ್ಡ ಎಂಜಿನ್‌ನ ಮಸಲ್ ಕಾರ್ ಅಲ್ಲ, ಚಿಕ್ಕ ಸ್ಪೋರ್ಟಿ ಪೋನಿ ಕಾರ್ ಅಂತ ತಕರಾರು ತೆಗೆಯುವವರು ಇದ್ದಾರೆ. ಅವರು ಹೇಳೋದು ಸರಿ. ಆದರೆ ವಿ8 ಇಟ್ಟುಕೊಂಡು ತಿರುವಿನಲ್ಲಿ ಪರದಾಡುವ ವಿಷಯದಲ್ಲಿ ಎರಡೂ ಒಂದೇ ಜಾತಿ.

ಇದನ್ನು ಸರಿಮಾಡಲು ಸಸ್ಪೆನ್ಷನ್, ಅಂದರೆ ಚಕ್ರವನ್ನು ಮೈಗೆ ಕಟ್ಟಿ ಹಿಡಿಯುವ ಸ್ಪ್ರಿಂಗ್, ಶಾಕ್, ಆರ್ಮ್‌ಗಳ ವ್ಯವಸ್ಥೆ, ಬದಲಿಸಲು ಹೊರಟವರಿಗೆ ಕ್ಯಾಟಲಾಗ್‌ನಲ್ಲಿ ಹತ್ತಾರು ದಾರಿಗಳು ಕಾಣುತ್ತವೆ. ಕೆಲವು ನೂರು ಡಾಲರ್ ಲೆಕ್ಕದವು, ಕೆಲವು ಹತ್ತು ಸಾವಿರ ದಾಟುವವು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ರಸ್ತೆಯ ಮೇಲೆ ಓಡಿಸುವ ಕಾರಿಗೆ ಹಣ ಕೊಟ್ಟು ತರುವ ಕಬ್ಬಿಣಕ್ಕಿಂತ ಚಕ್ರದ ಕೋನ ಮುಖ್ಯ. ಆ ಕೋನ ಸರಿಮಾಡುವ ಉಪಾಯ 1965ರಲ್ಲೇ ಸಿಕ್ಕಿದೆ. ಖರ್ಚು ಅಂದರೆ ಒಂದು ಡ್ರಿಲ್ ಬಿಟ್, ಒಂದು ಶನಿವಾರ.

ಮೂಲದಲ್ಲಿ ಏನು ತೊಂದರೆ

ಮಸ್ಟಂಗ್ ಮಾರುಕಟ್ಟೆಗೆ ಬಂದಿದ್ದು 1964ರ ಏಪ್ರಿಲ್ 17ರಂದು. ಹೊರಗಿನ ಮೈ ಹೊಸದು, ಒಳಗಿನ ಮೂಳೆ ಫೋರ್ಡ್ ಫಾಲ್ಕನ್‌ನದು. ಫಾಲ್ಕನ್ ಅಂದರೆ ಆರು ಸಿಲಿಂಡರಿನ ಸಾಧು ಮನೆ ಕಾರು. ಅದರ ಮುಂದಿನ ಚಕ್ರದ ವ್ಯವಸ್ಥೆ ವಿಚಿತ್ರ. ಚಕ್ರವನ್ನು ಮೇಲೊಂದು, ಕೆಳಗೊಂದು ಆರ್ಮ್, ಅಂದರೆ ತೋಳು, ಹಿಡಿದಿರುತ್ತದೆ. ಕಾಯಿಲ್ ಸ್ಪ್ರಿಂಗ್ ಕೂರುವುದು ಕೆಳಗಿನ ಆರ್ಮ್ ಮೇಲೆ ಅಲ್ಲ, ಮೇಲಿನ ಆರ್ಮ್ ಮೇಲೆ. ಹಾಗಾಗಿ ಎಂಜಿನ್‌ನ ಎರಡೂ ಪಕ್ಕ ಸ್ಪ್ರಿಂಗ್ ಮತ್ತು ಶಾಕ್ ಹಿಡಿಯುವ ಎತ್ತರದ ತಗಡಿನ ಶಾಕ್ ಟವರ್‌ಗಳು ನಿಂತಿವೆ. ಕೆಳಗಿನ ಆರ್ಮ್ ಒಂದೇ ಕಡ್ಡಿ. ಅದು ಹಿಂದೆ ಮುಂದೆ ಓಡಾಡದ ಹಾಗೆ ಸ್ಟ್ರಟ್ ರಾಡ್ ಅನ್ನುವ ಇನ್ನೊಂದು ಸರಳು ಹಿಡಿದುಕೊಂಡಿರುತ್ತದೆ, ಅದೂ ರಬ್ಬರ್ ಬುಶ್‌ನಲ್ಲಿ. ಹಿಂದುಗಡೆ ಲೀಫ್ ಸ್ಪ್ರಿಂಗ್. ನಮ್ಮೂರಲ್ಲಿ ಲಾರಿಯವರು ಕಮಾನು ಪಟ್ಟಿ ಅಂತಾರಲ್ಲ, ಅದೇ. ನಮ್ಮ ಅಂಬಾಸಿಡರ್‌ಗೂ ಹಿಂದೆ ಇದ್ದದ್ದು ಇದೇ.

ಈಗ ತಿರುವಿನಲ್ಲಿ ಏನಾಗುತ್ತದೆ ನೋಡಿ. ಕಾರು ಹೊರಗಡೆಗೆ ವಾಲಿದಾಗ ಭಾರವೆಲ್ಲ ಹೊರಗಿನ ಮುಂದಿನ ಟೈರಿನ ಮೇಲೆ ಬೀಳುತ್ತದೆ. ಆಗ ಆ ಟೈರು ರಸ್ತೆಗೆ ಚಪ್ಪಟೆಯಾಗಿ ಕೂರಬೇಕು. ಅದಕ್ಕೆ ಚಕ್ರದ ತಲೆ ಒಳಕ್ಕೆ ಎಳೆದುಕೊಳ್ಳಬೇಕು. ಮಸ್ಟಂಗ್‌ನ ಮೇಲಿನ ಆರ್ಮ್ ಕೂತಿರುವ ಜಾಗದಿಂದ ಇದು ಸರಿಯಾಗಿ ಆಗುವುದಿಲ್ಲ. ಟೈರಿನ ತಲೆ ಮೈ ಜೊತೆಗೇ ಹೊರಕ್ಕೆ ವಾಲುತ್ತದೆ. ರಸ್ತೆಗೆ ತಾಗುವುದು ಟೈರಿನ ಹೊರ ಅಂಚು ಮಾತ್ರ. ಚಪ್ಪಲಿಯ ಒಂದು ಪಕ್ಕ ಸವೆದವರು ನಡೆಯುವ ಹಾಗೆ. ಅದೇ ಆ ಗೋಳು.

ಮೊದಲು ಬ್ರೇಕ್, ಆಮೇಲೆ ಉಳಿದದ್ದು

1965 ಮತ್ತು 66ರ ಮಸ್ಟಂಗ್‌ಗಳಲ್ಲಿ ಬ್ರೇಕ್ ಮಾಸ್ಟರ್ ಸಿಲಿಂಡರ್ ಒಂದೇ ಕೋಣೆಯದು. ಎಲ್ಲೋ ಒಂದು ಪೈಪ್ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. 1967ರಿಂದ ಎರಡು ಕೋಣೆಯದು ಬಂತು. ನಿಮ್ಮ ಕಾರಿನಲ್ಲಿ ಇನ್ನೂ ಹಳೆಯದೇ ಇದ್ದರೆ ಸಸ್ಪೆನ್ಷನ್ ಓದುವುದನ್ನು ಇಲ್ಲಿಗೆ ನಿಲ್ಲಿಸಿ, ಅದನ್ನು ಬದಲಿಸಿ ಬನ್ನಿ. ತಿರುವಿನಲ್ಲಿ ಚೆನ್ನಾಗಿ ಹೋಗುವ ಕಾರು ನಿಲ್ಲುವುದನ್ನೂ ಕಲಿತಿರಬೇಕು ಅಲ್ವಾ.

ಎರಡನೆಯದು ತುಕ್ಕು. ಮಿಶಿಗನ್‌ನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ಹಳೇ ಕಾರುಗಳ ಫ್ರೇಮ್ ರೈಲನ್ನು ಒಳಗಿನಿಂದ ತಿಂದುಹಾಕುತ್ತದೆ. ಕಾರಿಗೆ ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ಶಾಕ್ ಟವರ್‌ನ ಬುಡ, ಫ್ರೇಮ್ ರೈಲ್, ಲೀಫ್ ಸ್ಪ್ರಿಂಗ್‌ನ ಮುಂದಿನ ಕಿವಿ ಕೂರುವ ಜಾಗ, ಇವನ್ನು ಸ್ಕ್ರೂಡ್ರೈವರ್‌ನಲ್ಲಿ ಚುಚ್ಚಿ ನೋಡಿ. ಒಳಗೆ ಹೋದರೆ ಮೊದಲು ವೆಲ್ಡಿಂಗ್ ಕೆಲಸ. ಮೇಲಿನ ಆರ್ಮ್‌ನ ಬೋಲ್ಟ್‌ಗಳ ಸುತ್ತ ಟವರ್‌ನ ತಗಡು ಬಿರುಕು ಬಿಡುವುದೂ ಮಾಮೂಲು. ಬಣ್ಣ ಕೆರೆದು, ಟಾರ್ಚ್ ಬಿಟ್ಟು ನೋಡಿ. ಬಿರುಕು ಬಿಟ್ಟ ಟವರ್‌ಗೆ ಎಷ್ಟು ಒಳ್ಳೆಯ ಶಾಕ್ ಹಾಕಿದರೂ ತೂತು ಮಡಕೆಗೆ ನೀರು ತುಂಬಿದ ಹಾಗೆ.

ಮೊದಲ ದಾರಿ: ಇದ್ದದ್ದನ್ನೇ ಹೊಸದು ಮಾಡುವುದು

ಬಾಲ್ ಜಾಯಿಂಟ್, ಟೈ ರಾಡ್ ತುದಿಗಳು, ಐಡ್ಲರ್ ಆರ್ಮ್, ಬುಶ್‌ಗಳು, ನಾಲ್ಕು ಶಾಕ್. ಅರವತ್ತು ವರ್ಷದ ಕಾರಿನಲ್ಲಿ ಇವೆಲ್ಲ ಸಡಿಲ ಆಗಿರುತ್ತವೆ. ಹೊಸದಾದರೆ ಕಾರು ಫ್ಯಾಕ್ಟರಿಯಿಂದ ಬಂದ ಹಾಗಾಗುತ್ತದೆ. ಅಂದರೆ ಮೊದಲಿನ ಗೋಳು ಉಳಿದೇ ಉಳಿಯುತ್ತದೆ, ಆದರೆ ಅಲ್ಲಾಡದೆ ಗೋಳಿಡುತ್ತದೆ.

ಷೋನಲ್ಲಿ ನಿಲ್ಲಿಸುವ ಕಾರು, ಅಸಲಿ ಭಾಗಗಳಿಗೆ ಬೆಲೆ ಇರುವ ಕಾರು, ನಂಬರ್‌ನಲ್ಲಿ ಸಿ ಬದಲು ಕೆ ಇರುವ, ಅಂದರೆ ಕೆ ಕೋಡ್‌ನ ಹೈ ಪರ್ಫಾರ್ಮೆನ್ಸ್ 289 ಇರುವ ಕಾರು ನಿಮ್ಮದಾದರೆ ಇಲ್ಲಿಗೇ ನಿಲ್ಲಿ. ಅದರಲ್ಲಿ ಒಂದು ತೂತು ಕೊರೆದರೂ ಬೆಲೆ ಕಮ್ಮಿ ಆಗುತ್ತದೆ. ಉಳಿದವರೂ ಇದನ್ನು ಮಾಡಲೇಬೇಕು, ಯಾಕಂದರೆ ಮುಂದಿನ ದಾರಿಗಳೆಲ್ಲ ಇದರ ಮೇಲೆಯೇ ನಿಂತಿವೆ.

ಬುಶ್ ವಿಷಯದಲ್ಲಿ ಒಂದು ಎಚ್ಚರಿಕೆ. ಎಲ್ಲಾ ಕಡೆ ಗಟ್ಟಿ ಪಾಲಿಯೂರಿಥೇನ್ ಹಾಕಿ ಅಂತ ಸಲಹೆ ಕೊಡುವವರು ಜಾಸ್ತಿ. ತಿರುವಿನಲ್ಲಿ ಮೈ ವಾಲುವುದನ್ನು ತಡೆಯುವ ಆಂಟಿ ರೋಲ್ ಬಾರ್‌ಗೆ ಹಾಕಿ, ಒಳ್ಳೆಯದು. ಸ್ಟ್ರಟ್ ರಾಡ್‌ಗೆ ಬೇಡ. ಚಕ್ರ ಮೇಲೆ ಕೆಳಗೆ ಆಡುವಾಗ ಆ ರಾಡ್‌ನ ತುದಿ ಓರೆಯಾಗಬೇಕು. ರಬ್ಬರ್ ಅದಕ್ಕೆ ಜಾಗ ಕೊಡುತ್ತದೆ. ಪಾಲಿಯೂರಿಥೇನ್ ಕೊಡುವುದಿಲ್ಲ, ಆಗ ರಾಡೇ ಬಾಗಿ ಬಾಗಿ ಒಂದು ದಿನ ಮುರಿಯಬಹುದು. ಅಲ್ಲಿ ಬೇಕಾದದ್ದು ರಬ್ಬರ್, ಇಲ್ಲವೇ ಗೋಳದ ಬೇರಿಂಗ್ ಇರುವ ರಾಡ್. ಲೀಫ್ ಸ್ಪ್ರಿಂಗ್‌ನ ಮುಂದಿನ ಕಿವಿಗೂ ನಾನು ರಬ್ಬರನ್ನೇ ಇಟ್ಟಿದ್ದೇನೆ.

ಎರಡನೇ ದಾರಿ: ಶೆಲ್ಬಿ ಡ್ರಾಪ್ ಮತ್ತು ಅದರ ಬಳಗ

ನನಗೆ ತುಂಬ ಇಷ್ಟವಾದ ದಾರಿ ಇದು. ಮಾತು ಜಾಸ್ತಿ ಆದರೆ ಕ್ಷಮಿಸಿ.

ಫೋರ್ಡ್‌ನಲ್ಲಿ ಕ್ಲಾಸ್ ಆರ್ನಿಂಗ್ ಅನ್ನುವ ಸಸ್ಪೆನ್ಷನ್ ಎಂಜಿನಿಯರ್ ಇದ್ದರು. ಮೇಲಿನ ಆರ್ಮ್ ಟವರ್‌ಗೆ ಸೇರುವ ಜಾಗವನ್ನು 1 ಇಂಚು ಕೆಳಗೆ ತಂದರೆ ಚಕ್ರದ ತಲೆ ತಿರುವಿನಲ್ಲಿ ಒಳಕ್ಕೆ ಎಳೆದುಕೊಳ್ಳುತ್ತದೆ ಅನ್ನುವ ಲೆಕ್ಕ ಅವರದು. ರೇಸ್ ಚಾಲಕನಾಗಿದ್ದು ಆಮೇಲೆ ಕಾರು ಕಟ್ಟಿದ ಕ್ಯಾರಲ್ ಶೆಲ್ಬಿಯ ತಂಡ, ಮಸ್ಟಂಗ್‌ನಿಂದಲೇ ಮಾಡಿದ 1965ರ ಜಿಟಿ350 ಕಾರುಗಳಲ್ಲಿ ಅದನ್ನು ಮಾಡಿತು. ಜೊತೆಗೆ 1 ಇಂಚಿನ ದಪ್ಪ ಆಂಟಿ ರೋಲ್ ಬಾರ್, ಕೋನಿ ಶಾಕ್‌ಗಳು, ಟವರ್‌ಗಳನ್ನು ಬಿಗಿಹಿಡಿಯುವ ಬಾರ್‌ಗಳು. ಹೆಸರು ಶೆಲ್ಬಿಗೆ ಹೋಯಿತು. ಆರ್ನಿಂಗ್ ಡ್ರಾಪ್ ಅಂತ ಹೇಳುವವರೂ ಇದ್ದಾರೆ, ನ್ಯಾಯವಾಗಿ ಅದೇ ಸರಿ. 1966ರ ಬಹುಪಾಲು ಜಿಟಿ350ಗಳಲ್ಲಿ ಖರ್ಚು ಉಳಿಸಲು ಇದನ್ನು ಕೈಬಿಟ್ಟರು. ಪಕ್ಕಾ ಕಂಪನಿ ಬುದ್ಧಿ. ಕಣ್ಣಿಗೆ ಕಾಣುವ ಪಟ್ಟೆ ಉಳಿಸಿಕೊಂಡರು, ಕಾಣದ ತೂತು ಬಿಟ್ಟರು.

ಕೆಲಸ ಹೀಗೆ. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಶಾಕ್ ತೆಗೆದು, ಸ್ಪ್ರಿಂಗ್ ಒತ್ತುವ ಸಲಕರಣೆಯಿಂದ ಸ್ಪ್ರಿಂಗ್ ಕುಗ್ಗಿಸಿ ಹೊರತೆಗೆಯಬೇಕು. ಇಲ್ಲಿ ಹುಷಾರು. ಒತ್ತಿದ ಕಾಯಿಲ್ ಸ್ಪ್ರಿಂಗ್ ತಪ್ಪಿಸಿಕೊಂಡರೆ ಕೈ ಮುರಿಯುತ್ತದೆ, ಮುಖಕ್ಕೆ ಬಿದ್ದರೆ ಅಷ್ಟೇ ಕಥೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕೊಕ್ಕೆಯ ಸಲಕರಣೆ ಬೇಡ. ಟವರ್‌ನ ಮೇಲಿನಿಂದ ಇಳಿಯುವ, ಈ ಕಾರಿಗೇ ಮಾಡಿದ್ದನ್ನು ಬಾಡಿಗೆಗೆ ತನ್ನಿ.

ಮೇಲಿನ ಆರ್ಮ್ ಬಿಚ್ಚುವಾಗ ಅದರ ಹಿಂದಿನ ತೆಳು ಶಿಮ್‌ಗಳು ಉದುರುತ್ತವೆ. ಯಾವ ಬೋಲ್ಟ್‌ನಲ್ಲಿ ಎಷ್ಟಿತ್ತು ಅಂತ ಬರೆದುಕೊಳ್ಳಿ. 1965, 66ರ ಕಾರಿನಲ್ಲಿ ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲುವ ಕೋನ), ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲುವ ಕೋನ) ಎರಡೂ ನಿಂತಿರುವುದು ಆ ಶಿಮ್‌ಗಳ ಮೇಲೆ. ಆಮೇಲೆ ಹಳೇ ತೂತುಗಳಿಗೆ ಟೆಂಪ್ಲೇಟ್ ಬೋಲ್ಟ್ ಮಾಡಿ, ಹೊಸ ಎರಡು ತೂತಿನ ಜಾಗಕ್ಕೆ ಪಂಚ್ ಹೊಡೆದು, ಮೊದಲು ಸಣ್ಣ ಬಿಟ್, ಕೊನೆಗೆ 17/32 ಇಂಚಿನ ಬಿಟ್. ಅಲ್ಲಿ ತಗಡು ದಪ್ಪ. ಎಣ್ಣೆ ಹಾಕುತ್ತಾ, ನಿಧಾನ ವೇಗದಲ್ಲಿ, ಮೈ ಭಾರ ಬಿಟ್ಟು ಒತ್ತಬೇಕು. ನನಗೆ ಎಡಗಡೆಯ ಮೊದಲ ತೂತಿಗೆ ಮುಕ್ಕಾಲು ಗಂಟೆ ಹಿಡಿಯಿತು. ಬಿಟ್ ಮೊಂಡಾಗಿತ್ತು, ಬದಲಿಸುವ ಬುದ್ಧಿ ಬರಲಿಲ್ಲ. ಉಳಿದ ಮೂರೂ ಸೇರಿ ಅರ್ಧ ಗಂಟೆ.

ಬೇರೆ ಲಾಭವೂ ಇದೆ. ಸ್ಪ್ರಿಂಗ್ ಕೂರುವುದು ಅದೇ ಆರ್ಮ್ ಮೇಲೆ ಆದ್ದರಿಂದ ಕಾರಿನ ಮೂತಿ ಅರ್ಧ ಇಂಚಿನ ಆಸುಪಾಸು ಇಳಿಯುತ್ತದೆ, ಸ್ಪ್ರಿಂಗ್ ಕತ್ತರಿಸದೆಯೇ. 1 ಇಂಚಿಗಿಂತ ಜಾಸ್ತಿ ಇಳಿಸುವ ಆಸೆ ಬೇಡ. ಬಾಲ್ ಜಾಯಿಂಟ್ ಓರೆಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ, ಆಗ ಅದಕ್ಕೆ ಬೇರೆ ಬೆಣೆ ಕೊಡಬೇಕು.

ಈ ಡ್ರಾಪ್ ಜೊತೆಗೆ ಇನ್ನೂ ನಾಲ್ಕು ಬದಲಾವಣೆ ಸೇರಿದರೆ ರಸ್ತೆ ಕಾರಿಗೆ ಸಾಕು.

ಆಂಟಿ ರೋಲ್ ಬಾರ್ ಮೊದಲನೆಯದು. ಬಾರ್‌ನ ಬಿಗಿ ಅದರ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ. 11/16 ಇಂಚಿನ ಸಾಮಾನ್ಯ ಬಾರ್ ತೆಗೆದು 1 ಇಂಚಿನದು ಹಾಕಿದರೆ ಬಿಗಿ ಸುಮಾರು ನಾಲ್ಕೂವರೆ ಪಟ್ಟು. ಇದಕ್ಕಿಂತ ದಪ್ಪ ಬೇಡ, ಮೂತಿ ಇನ್ನೂ ಹೊರಗೆ ಜಾರುತ್ತದೆ.

ಸ್ಪ್ರಿಂಗ್ ಎರಡನೆಯದು. 620 ಪೌಂಡ್‌ನ ಸ್ಪ್ರಿಂಗ್ (1 ಇಂಚು ಕುಗ್ಗಿಸಲು 620 ಪೌಂಡ್ ಭಾರ ಬೇಕಾದದ್ದು) ಅಂದರೆ ಕೆಲವರು ಹೆದರುತ್ತಾರೆ. ಆ ಸಂಖ್ಯೆ ಸ್ಪ್ರಿಂಗ್‌ನದು, ಚಕ್ರದ್ದಲ್ಲ. ಸ್ಪ್ರಿಂಗ್ ಕೂತಿರುವುದು ಆರ್ಮ್‌ನ ಹೆಚ್ಚೂಕಡಿಮೆ ನಡುಮಧ್ಯೆ. ಚಕ್ರ 1 ಇಂಚು ಮೇಲೆ ಹೋದರೆ ಸ್ಪ್ರಿಂಗ್ ಅರ್ಧ ಇಂಚು ಕುಗ್ಗುತ್ತದೆ. ಲೆಕ್ಕದಲ್ಲಿ ಅರ್ಧದ ಅರ್ಧ, ಅಂದರೆ ಕಾಲು ಭಾಗ. ಚಕ್ರಕ್ಕೆ ಗೊತ್ತಾಗುವುದು ಇಂಚಿಗೆ 155 ಪೌಂಡ್‌ನ ಸುತ್ತಮುತ್ತ. ಬೇರೆ ಬೇರೆ ಕಿಟ್‌ಗಳ ಸ್ಪ್ರಿಂಗ್ ಸಂಖ್ಯೆ ಹೋಲಿಸುವವರು ಇದನ್ನು ಮರೆಯುತ್ತಾರೆ. ಸ್ಪ್ರಿಂಗ್ ಎಲ್ಲಿ ಕೂತಿದೆ ಅಂತ ನೋಡದೆ ಸಂಖ್ಯೆ ಹೋಲಿಸಿದರೆ ಆನೆ ಕುದುರೆ ತೂಕ ಹಾಕಿದ ಹಾಗೆ.

ಸ್ಪ್ರಿಂಗ್‌ನ ಕೆಳಗಿನ ಪೀಠ ಮೂರನೆಯದು. ಮೂಲದ್ದು ರಬ್ಬರ್ ಬುಶ್‌ನಲ್ಲಿ ತಿರುಚಿಕೊಳ್ಳುತ್ತದೆ, ಪ್ರತಿ ಸಣ್ಣ ಗುಂಡಿಗೂ ತಡೆ ಒಡ್ಡುತ್ತದೆ. ಬೇರಿಂಗ್ ಇರುವ ರೋಲರ್ ಪೀಠ ಹಾಕಿದರೆ ಆರ್ಮ್ ಬೆಣ್ಣೆಯ ಹಾಗೆ ಆಡುತ್ತದೆ. ಬಿಗಿ ಸ್ಪ್ರಿಂಗ್ ಹಾಕಿದ ಮೇಲೂ ಕಾರು ಮೊದಲಿಗಿಂತ ಮೆತ್ತಗೆ ಅನ್ನಿಸಿದ್ದು ನನಗೆ ಇದರಿಂದಲೇ. ಬಹಳ ಜನ ಕಡೆಗಣಿಸುವ ಭಾಗ ಇದು.

ಕೊನೆಯದು ಎಕ್ಸ್‌ಪೋರ್ಟ್ ಬ್ರೇಸ್. ಟವರ್‌ಗಳನ್ನು ಹಿಂದಿನ ಗೋಡೆಗೆ ಕಟ್ಟುವ ಎರಡು ತೆಳು ತಗಡಿನ ಪಟ್ಟಿಗಳ ಬದಲಿಗೆ ಒಂದೇ ಗಟ್ಟಿ ತುಂಡು. ಹೊರದೇಶಗಳಿಗೆ ಹೋಗುವ ಕಾರಿಗೆ ಹಾಕುತ್ತಿದ್ದರಿಂದ ಆ ಹೆಸರು. ಟವರ್‌ನಿಂದ ಟವರ್‌ಗೆ ಅಡ್ಡ ಹೋಗುವ ಮಾಂಟೆ ಕಾರ್ಲೋ ಬಾರ್ ಇದರ ಜೋಡಿ. ಆ ಬಾರ್ ಕೂರಿಸಲು ಹೋದಾಗ ತೂತುಗಳು ಸೇರದಿದ್ದರೆ ಬಾರನ್ನು ಬೈಯಬೇಡಿ. ವರ್ಷಗಳ ಭಾರಕ್ಕೆ ನಿಮ್ಮ ಟವರ್‌ಗಳೇ ಒಳಕ್ಕೆ ವಾಲಿವೆ. ಮೊದಲು ಅವನ್ನು ದೂರ ತಳ್ಳಿಸಬೇಕು.

ಮೂರನೇ ದಾರಿ: ಟವರ್ ಉಳಿಸಿಕೊಂಡು ಕಾಯಿಲ್‌ಓವರ್

ಇದರಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಒಂದೇ ಘಟಕ. ಮೇಲೆ ಕೆಳಗೆ ಹೊಸ ಕೊಳವೆ ಆರ್ಮ್‌ಗಳು, ಸರಿಹೊಂದಿಸಬಹುದಾದ ಸ್ಟ್ರಟ್ ರಾಡ್, ಎತ್ತರವನ್ನು ನಟ್ ತಿರುಗಿಸಿ ಬದಲಿಸುವ ಅನುಕೂಲ. ಬಹಳಷ್ಟು ಕಿಟ್‌ಗಳಲ್ಲಿ ಡ್ರಾಪ್‌ನ ಕೋನವನ್ನು ಆರ್ಮ್‌ನಲ್ಲೇ ಕೂಡಿಸಿರುತ್ತಾರೆ, ಇಲ್ಲವೇ ಡ್ರಾಪ್ ಮಾಡಿ ಅಂತಲೇ ಹೇಳುತ್ತಾರೆ. ಅಂದರೆ 1965ರ ಅದೇ ಉಪಾಯ, ಹೊಳೆಯುವ ಬಟ್ಟೆಯಲ್ಲಿ.

ಹಾಗಾದರೆ ಸಾವಿರಗಟ್ಟಲೆ ಡಾಲರ್ ಯಾಕೆ? ಮೂರು ಕಾರಣಕ್ಕೆ ಒಪ್ಪಬಹುದು. ಒಂದು, ಶಾಕ್‌ನ ಗುಣಮಟ್ಟ. ಒಳ್ಳೆಯ ಕಾಯಿಲ್‌ಓವರ್‌ನ ಶಾಕ್ ಒರಟು ರಸ್ತೆಯಲ್ಲೂ ಚಕ್ರವನ್ನು ನೆಲಕ್ಕೆ ಅಂಟಿಸಿ ಹಿಡಿಯುತ್ತದೆ. ಎರಡು, ಸ್ಪ್ರಿಂಗ್ ಬದಲಿಸಲು ಅರ್ಧ ದಿನದ ಬದಲು ಅರ್ಧ ಗಂಟೆ. ಇದು ಆಟೋಕ್ರಾಸ್‌ಗೆ, ಅಂದರೆ ಕೋನ್‌ಗಳ ನಡುವೆ ಸಮಯ ಅಳೆದು ಓಡಿಸುವ ಸ್ಪರ್ಧೆಗೆ, ಹೋಗುವವರಿಗೆ ಮಾತ್ರ ಬೇಕಾಗುವ ವಿಷಯ. ಮೂರು, ಕ್ಯಾಸ್ಟರ್ ಬೇಕಾದಷ್ಟು ಕೊಡಬಹುದು. ಶಿಮ್‌ಗಳಿಂದ ಅಷ್ಟು ಆಗುವುದಿಲ್ಲ.

ಖರ್ಚಿನ ಜೊತೆ ಸದ್ದೂ ಬರುತ್ತದೆ. ಗೋಳದ ಬೇರಿಂಗ್‌ಗಳು ಹೊಸದರಲ್ಲಿ ಸುಮ್ನೆ ಇರುತ್ತವೆ. ಧೂಳು, ಮಳೆ, ಎರಡು ಚಳಿಗಾಲ ಕಂಡ ಮೇಲೆ ಟಕ್ ಟಕ್ ಶುರು. ವರ್ಷಕ್ಕೆ ಕೆಲವೇ ನೂರು ಮೈಲಿ ಓಡಿಸುವವರು, ಅದೂ ಹೆಂಡತಿ ಮಕ್ಕಳ ಜೊತೆ ಐಸ್‌ಕ್ರೀಮ್ ತಿನ್ನಲು ಹೋಗುವವರು, ಈ ದಾರಿ ಹಿಡಿಯಬೇಕಿಲ್ಲ. ಬೆಟ್ಟದ ರಸ್ತೆಯಲ್ಲಿ ಜೋರಾಗಿ ಓಡಿಸುವವರಿಗೆ, ವರ್ಷಕ್ಕೆ ನಾಲ್ಕೈದು ಸಲ ಟ್ರ್ಯಾಕ್‌ಗೆ ಹೋಗುವವರಿಗೆ ಕೊಟ್ಟ ಹಣ ದಕ್ಕುತ್ತದೆ.

ನಾಲ್ಕನೇ ದಾರಿ: ಟವರ್ ಕತ್ತರಿಸಿ ಮಸ್ಟಂಗ್ 2ರ ಮುಂಭಾಗ

1974ರಿಂದ 78ರವರೆಗೆ ಮಸ್ಟಂಗ್ 2 ಅಂತ ಒಂದು ಪುಟ್ಟ ಕಾರು ಬಂತು. ಆ ಕಾರನ್ನು ಈಗ ಕೇಳುವವರು ಕಮ್ಮಿ. ಅದರ ಮುಂದಿನ ಸಸ್ಪೆನ್ಷನ್ ಮಾತ್ರ ಹಳೇ ಕಾರುಗಳನ್ನು ಬದಲಿಸಿ ಕಟ್ಟುವ ಹಾಟ್ ರಾಡ್ ಜಗತ್ತಿನಲ್ಲಿ ಚಿರಂಜೀವಿ. ಚಿಕ್ಕದು, ರ‍್ಯಾಕ್ ಅಂಡ್ ಪಿನಿಯನ್ ಸ್ಟಿಯರಿಂಗ್ ಜೊತೆಗೇ ಬರುತ್ತದೆ, ಎತ್ತರದ ಟವರ್ ಬೇಡ. ಈಗ ಸಿಗುವ ಕಿಟ್‌ಗಳು ಅದೇ ನಕ್ಷೆಯ ಹೊಸ ರೂಪಗಳು.

ಟವರ್ ಹೋದರೆ ಎಂಜಿನ್ ಕೋಣೆ ಮೈದಾನ. 2011ರ ನಂತರದ ಮಸ್ಟಂಗ್‌ನ 5 ಲೀಟರ್ ಕೊಯೊಟಿ ಎಂಜಿನ್ ಹಾಕುವವರಿಗೆ ಬೇರೆ ದಾರಿಯೇ ಇಲ್ಲ ಅನ್ನಬಹುದು. ನಾಲ್ಕು ಕ್ಯಾಮ್‌ಶಾಫ್ಟ್ ಇರುವ ಅದರ ತಲೆ ಅಷ್ಟು ಅಗಲ.

ಆದರೆ ಇದರಿಂದ ಕಾರು ತಿರುವಿನಲ್ಲಿ ತಾನಾಗಿ ಚೆನ್ನಾಗಿ ಹೋಗುತ್ತದೆ ಅನ್ನುವ ನಂಬಿಕೆಗೆ ಆಧಾರ ಕಮ್ಮಿ. ಮೂಲ ಕಾರಿನಲ್ಲಿ ಸ್ಪ್ರಿಂಗ್‌ನ ಭಾರ ಟವರ್ ಹತ್ತಿ, ಪಕ್ಕದ ತಗಡಿಗೆ, ಹಿಂದಿನ ಗೋಡೆಗೆ ಹರಿದು ಹೋಗುತ್ತಿತ್ತು. ಈಗ ಅದೆಲ್ಲ ತೆಳು ಫ್ರೇಮ್ ರೈಲ್‌ಗಳ ಮೇಲೆ ಬಿತ್ತು. ಅವನ್ನು ಪೆಟ್ಟಿಗೆಯಂತೆ ಬಲಪಡಿಸಬೇಕು. ವೆಲ್ಡಿಂಗ್ ಅಡ್ಡ ಆದರೆ ಕಾರಿನ ಮೂತಿಯೇ ಅಡ್ಡ, ಮತ್ತೆ ನೇರ ಮಾಡುವುದು ಸುಲಭ ಅಲ್ಲ. ಕತ್ತರಿಸಿದ ಟವರ್ ವಾಪಸ್ ಬರುವುದಿಲ್ಲ.

289 ಎಂಜಿನ್ನೇ ಇಟ್ಟುಕೊಳ್ಳುವವರು, ಬರೀ ಹ್ಯಾಂಡ್ಲಿಂಗ್‌ಗೋಸ್ಕರ ಇದನ್ನು ಮಾಡಬೇಡಿ. ಎಂಜಿನ್‌ಗೆ ಜಾಗ ಬೇಕಿದ್ದರೆ ಮಾಡಿ, ಅದೂ ಈ ಕೆಲಸವನ್ನು ಮೊದಲು ಮಾಡಿರುವ ವೆಲ್ಡರ್ ಕೈಯಲ್ಲಿ.

ಹಿಂದಿನ ಚಕ್ರಗಳು

ಮುಂದಿನದಕ್ಕೆ ಕೊಟ್ಟಷ್ಟು ತಲೆ ಹಿಂದಿನದಕ್ಕೆ ಬೇಡ. ಒಳ್ಳೆಯ ಲೀಫ್ ಸ್ಪ್ರಿಂಗ್ ಮತ್ತು ಒಳ್ಳೆಯ ಶಾಕ್ ಇದ್ದರೆ ಈ ಹಿಂಭಾಗ ಅಚ್ಚರಿಯಾಗುವಷ್ಟು ಚೆನ್ನಾಗಿ ನಡೆದುಕೊಳ್ಳುತ್ತದೆ. ನಾಲ್ಕೂವರೆ ಪಟ್ಟಿಯ, ಕಿವಿ ನಡುವಿನಲ್ಲಿ ಇರುವ ಸ್ಪ್ರಿಂಗ್ ಹಾಕಿದರೆ ಕಾರು ಸ್ವಲ್ಪ ಕೆಳಗೆ ಕೂರುತ್ತದೆ, ಬಿಗಿಯೂ ಆಗುತ್ತದೆ. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಪಟ್ಟಿ ಸುರುಳಿಯಾಗಿ ಚಕ್ರ ಕುಪ್ಪಳಿಸಿದರೆ ಟ್ರ್ಯಾಕ್ಷನ್ ಬಾರ್ ಬೇಕು.

ಪ್ಯಾನ್‌ಹಾರ್ಡ್ ಬಾರ್ ಹಿಂದಿನ ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುತ್ತದೆ. ತಿರುವಿನ ಮಧ್ಯೆ ಹಿಂಭಾಗ ಒಂದು ಗಳಿಗೆ ತಡವಾಗಿ ಬರುವ ಭಾವನೆ ಇದ್ದರೆ ಅದು ಹೋಗುತ್ತದೆ. ಬಾರ್ ಕಮಾನಿನಲ್ಲಿ ಆಡುವುದರಿಂದ ಆಕ್ಸಲ್ ಚೂರು ಪಕ್ಕಕ್ಕೆ ಸರಿಯುತ್ತದೆ, ರಸ್ತೆಯಲ್ಲಿ ಅದು ಗೊತ್ತಾಗುವುದಿಲ್ಲ. ಅದೇ ಕೆಲಸವನ್ನು ಎರಡು ಸರಳುಗಳಿಂದ ಮಾಡುವ ವ್ಯಾಟ್ಸ್ ಲಿಂಕ್‌ನಲ್ಲಿ ಆ ದೋಷವೂ ಇಲ್ಲ, ಆದರೆ ತೂಕ ಮತ್ತು ಬೆಲೆ ಜಾಸ್ತಿ. ಲೀಫ್ ಸ್ಪ್ರಿಂಗ್ ಪೂರ್ತಿ ಕಿತ್ತು ತ್ರೀ ಲಿಂಕ್, ಫೋರ್ ಲಿಂಕ್ ಹಾಕುವುದು ರೇಸಿನವರ ಕೆಲಸ. ಕೆಲವಕ್ಕೆ ನೆಲದ ತಗಡೂ ಕತ್ತರಿಸಬೇಕು.

ಫ್ರೇಮ್ ರೈಲ್‌ಗಳು ನಡುವಿನಲ್ಲಿ ಸೇರುವುದಿಲ್ಲ, ಮುಂದಿನದು ಮುಂದೆ, ಹಿಂದಿನದು ಹಿಂದೆ ನಿಲ್ಲುತ್ತವೆ. ಅವೆರಡನ್ನು ಸೇರಿಸುವ ಸಬ್‌ಫ್ರೇಮ್ ಕನೆಕ್ಟರ್ ಕೂಪೆಗೆ ಒಳ್ಳೆಯ ಖರ್ಚು. ಬಾಗಿಲು ಮುಚ್ಚುವ ಸದ್ದೇ ಬದಲಾಗುತ್ತದೆ.

ಸ್ಟಿಯರಿಂಗ್ ಮತ್ತು ಟೈರು

ಸ್ಟಿಯರಿಂಗ್ ಸಡಿಲ ಅಂತ ರ‍್ಯಾಕ್ ಕಿಟ್ ತರುವ ಮುಂಚೆ ಇರುವ ಬಾಕ್ಸ್ ನೋಡಿ. ಒಳಗಿನ ಗೇರ್‌ಗಳ ನಡುವಿನ ಅಂತರ ಸರಿಮಾಡುವ ಸ್ಕ್ರೂ ಒಂದಿದೆ. ಮಸ್ಟಂಗ್‌ನ ಜಿಟಿ ಮಾದರಿಗಳಿಗೆ ಕೊಡುತ್ತಿದ್ದ 16:1 ಅನುಪಾತದ ಬಾಕ್ಸ್ ಹೊಸದಾಗಿಯೂ ಸಿಗುತ್ತದೆ. ಅದು ಹಾಕಿದರೆ ಸ್ಟಿಯರಿಂಗ್ ಚುರುಕು, ನಿಲ್ಲಿಸುವಾಗ ಸ್ವಲ್ಪ ತೋಳಿನ ಬಲ ಬೇಕು. ರ‍್ಯಾಕ್ ಕಿಟ್‌ಗಳಲ್ಲಿ ಒಳ್ಳೆಯವೂ ಇವೆ. ಕೊಳ್ಳುವ ಮುಂಚೆ ಎರಡು ಪ್ರಶ್ನೆ ಕೇಳಿ: ಯೂ ಟರ್ನ್‌ಗೆ ಎಷ್ಟು ಜಾಗ ಬೇಕು, ಗುಂಡಿ ಹತ್ತಿದಾಗ ಚಕ್ರ ತಾನಾಗಿ ತಿರುಗುತ್ತದಾ? ಉತ್ತರ ತಡವರಿಸಿದರೆ ಬಿಡಿ.

ಟೈರಿನ ವಿಷಯ ಹೇಳಲೇಬೇಕು. ಈ ಕಾರನ್ನು ಕಟ್ಟಿದ್ದು ಒಳಗಿನ ದಾರ ಓರೆಯಾಗಿ ಹೆಣೆದ ಹಳೇ ಕಾಲದ ಬಯಾಸ್ ಪ್ಲೈ ಟೈರಿಗೆ. ಈಗಿನ ರೇಡಿಯಲ್ ಹಾಕಿದ ತಕ್ಷಣ ಕಾರು ಒಂದು ಮೆಟ್ಟಿಲು ಮೇಲೇರುತ್ತದೆ. 14 ಇಂಚಿನಲ್ಲಿ ಒಳ್ಳೆಯ ಹಿಡಿತದ ಟೈರು ಸಿಗುವುದೇ ಕಷ್ಟ. ಹಳೇ ನೋಟ ಬೇಕಿದ್ದರೆ 15 ಇಂಚು, ಹಿಡಿತ ಬೇಕಿದ್ದರೆ 17. ಆದರೆ ಬಹಳ ಹಿಡಿತದ ಟೈರು ಹಾಕಿ ಸಸ್ಪೆನ್ಷನ್ ಹಳೆಯದೇ ಬಿಟ್ಟರೆ ಕಾರು ಇನ್ನೂ ಜಾಸ್ತಿ ವಾಲುತ್ತದೆ. ಟೈರು ಕೊನೆಗೆ ಕೊಳ್ಳಿ.

ಬುಡದಿಂದ ತುದಿಯವರೆಗೆ ಬದಲಿಸಿಕೊಂಡು ಆಗಸ್ಟ್‌ನ ಮೂರನೇ ಶನಿವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಬರುವವರನ್ನು ಪ್ರತಿ ವರ್ಷ ನೋಡುತ್ತೇನೆ. 1995ರಿಂದ ನಡೆಯುವ ಈ ಜಾತ್ರೆಯಲ್ಲಿ ಡೆಟ್ರಾಯಿಟ್‌ನ ಉತ್ತರಕ್ಕಿರುವ ಊರುಗಳಲ್ಲಿ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಹಳೇ ಕಾರುಗಳು ತೇರಿನ ಹಾಗೆ ಸಾಗುತ್ತವೆ. ವೇಗ ನಡೆಯುವವರಷ್ಟು. ಕಾಯಿಲ್‌ಓವರ್, ವ್ಯಾಟ್ಸ್ ಲಿಂಕ್ ಎಲ್ಲಾ ಇದ್ದವರೂ ಮೊದಲ ಗೇರ್‌ನಲ್ಲೇ ಬೆವರುತ್ತಾ ಕೂತಿರುತ್ತಾರೆ.

ಅಲೈನ್‌ಮೆಂಟ್ ಚೀಟಿ

ನನ್ನ ಕಾರಿಗೆ ಎರಡನೇ ದಾರಿಯ ಕೆಲಸ ಎಲ್ಲಾ ಮುಗಿಸಿ, ಅಲೈನ್‌ಮೆಂಟ್‌ಗೆ ಒಂದು ಅಂಗಡಿಗೆ ಕೊಟ್ಟೆ. ಒಂದು ಗಂಟೆಯಲ್ಲಿ ಕೈಗೆ ಕಾಗದ ಕೊಟ್ಟರು. ಎಲ್ಲಾ ಸಂಖ್ಯೆಗಳೂ ಹಸಿರು. ಖುಷಿಯಿಂದ ಹೈವೇ ಹತ್ತಿದೆ. ಕಾರು ಕುಡಿದವರ ಹಾಗೆ ಎಡಕ್ಕೆ ಬಲಕ್ಕೆ ಅಲೆಯುತ್ತಿತ್ತು. ಎರಡು ವಾರ ತಲೆ ಕೆಡಿಸಿಕೊಂಡೆ. ತೂತು ತಪ್ಪು ಜಾಗದಲ್ಲಿ ಕೊರೆದೆನಾ ಅಂತ ಮತ್ತೆ ಅಳತೆ ಮಾಡಿದೆ. ರ‍್ಯಾಕ್ ಕಿಟ್‌ಗೆ ಆರ್ಡರ್ ಮಾಡುವುದೊಂದು ಬಾಕಿ.

ಒಂದು ರಾತ್ರಿ ಆ ಕಾಗದ ಸರಿಯಾಗಿ ಓದಿದೆ. ಕ್ಯಾಸ್ಟರ್ ಕಾಲು ಡಿಗ್ರಿ. ಕಂಪ್ಯೂಟರ್‌ನಲ್ಲಿ 1966ರ ಪುಸ್ತಕದ ಸಂಖ್ಯೆ ಇತ್ತು, ಅವರು ಅದಕ್ಕೇ ಹೊಂದಿಸಿದ್ದರು. ಬಯಾಸ್ ಪ್ಲೈ ಟೈರಿನ ಕಾಲದ ಸಂಖ್ಯೆ ಅದು. ಕ್ಯಾಸ್ಟರ್ ಅಂದರೆ ಸೈಕಲ್‌ನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುವ ಹಾಗೆ. ಆ ವಾಲು ಇದ್ದರೆ ಚಕ್ರ ತಾನಾಗಿ ನೇರಕ್ಕೆ ಬರುತ್ತದೆ. ಇಲ್ಲದಿದ್ದರೆ ರಸ್ತೆ ಎಳೆದ ಕಡೆ ಹೋಗುತ್ತದೆ.

ಬೇರೆ ಅಂಗಡಿಗೆ ಹೋಗಿ, ಅಲ್ಲಿನ ವಯಸ್ಸಾದ ಮೆಕ್ಯಾನಿಕ್ ಕೈಗೆ ನನ್ನದೇ ಚೀಟಿ ಕೊಟ್ಟೆ. ಅವರು ಓದಿ, ನಕ್ಕು, ಶಿಮ್ ಡಬ್ಬ ತೆಗೆದರು. ವಾಪಸ್ ಬರುವಾಗ ಅದೇ ಹೈವೇಯಲ್ಲಿ ಒಂದು ಬೆರಳಲ್ಲಿ ಹಿಡಿದು ಬಂದೆ.

ಆ ಚೀಟಿ ಈಗಲೂ ಗ್ಲವ್ ಬಾಕ್ಸ್‌ನಲ್ಲಿದೆ, ಗ್ರೀಸ್ ಕಲೆ ಸಮೇತ. ಪವರ್ ಸ್ಟಿಯರಿಂಗ್ ಇಲ್ಲದ, ಶೆಲ್ಬಿ ಡ್ರಾಪ್ ಆಗಿರುವ, ರೇಡಿಯಲ್ ಟೈರಿನ ರಸ್ತೆ ಕಾರಿಗೆ ಅದರಲ್ಲಿ ಬರೆದಿರುವುದು ಇಷ್ಟು: ಕ್ಯಾಸ್ಟರ್ ಪ್ಲಸ್ 3 ಡಿಗ್ರಿ, ಶಿಮ್ ಅಷ್ಟಕ್ಕೆ ಬಿಡದಿದ್ದರೆ ಎರಡೂ ಕಡೆ ಸಮನಾಗಿ ಎಷ್ಟು ಬರುತ್ತದೋ ಅಷ್ಟು. ಕ್ಯಾಂಬರ್ ಮೈನಸ್ ಅರ್ಧದಿಂದ ಮುಕ್ಕಾಲು ಡಿಗ್ರಿ. ಟೋ (ಮುಂದಿನ ಚಕ್ರಗಳ ಮೂತಿ) ಒಳಕ್ಕೆ, ಒಟ್ಟು 1/8 ಇಂಚು. ಕೆಳಗೆ ದೊಡ್ಡ ಅಕ್ಷರದಲ್ಲಿ: ಕಂಪ್ಯೂಟರ್ ಕೆಂಪು ತೋರಿಸಿದರೆ ತೋರಿಸಲಿ.